ಮೆಟ್ಟಿದ ಚಪ್ಪಲಿ, ಹೊತ್ತ ಚಪ್ಪಲಿ

ಕನ್ನಡ ಸಾಹಿತ್ಯದಲ್ಲಿ ಚಪ್ಪಲಿಗೆ ಇರುವ ಜಾಗ ಮೂರೇ. ಒಂದು, ಬೈಗುಳ. ಎರಡು, ಗುಡಿಯ ಹೊಸ್ತಿಲಾಚೆ. ಮೂರು, ಭಕ್ತಿಕಥೆ. ಕಾಲಿನ ಕೆಳಗೆ ಮಾತ್ರ ಅದಕ್ಕೆ ಜಾಗ ಸಿಕ್ಕಿದ್ದು ಕಡಿಮೆ. ಅದು ಯಾರ ಕಾಲಿಗೆ ಒಪ್ಪಿತು, ಎಷ್ಟು ಮಳೆಗಾಲ ಬಾಳಿತು, ಹರಿದಾಗ ಯಾರು ಹೊಲಿದುಕೊಟ್ಟರು ಎಂದು ನಮ್ಮ ಕವಿಗಳಾಗಲಿ ವಿಮರ್ಶಕರಾಗಲಿ ಅಷ್ಟಾಗಿ ಕೇಳಿಲ್ಲ. ಸಮಗಾರನ ಮುಂದೆ ಕುಕ್ಕರಗಾಲಲ್ಲಿ ಕೂತ ರೈತ ಮಾತ್ರ ಕೇಳುತ್ತಾನೆ: "ಕಚ್ಚತೈತೇನು? ಬಾಳಿಕಿ ಬರತೈತೇನು? ಹರದ್ರ ಮತ್ತ ಹೊಲದು ಕೊಡತೀಯೇನು?"

ಇದಕ್ಕಿಂತ ಒಳ್ಳೆಯ ಮಾನದಂಡ ನಮ್ಮ ವಿಮರ್ಶೆಯಲ್ಲಿಯೂ ಇಲ್ಲ. ಈ ಮೂರು ಪ್ರಶ್ನೆಗಳಿಂದ ಮೊದಲು ಒಂದು ಕಥೆಯನ್ನು, ಆಮೇಲೆ ಕಾಲಿಗೆ ಹಾಕುವ ಬೂಟನ್ನು ನೋಡೋಣ. ಎರಡೂ ಒಂದೇ ಕೆಲಸ ಎಂಬುದು ನನ್ನ ವಾದ.

ಕಥೆ ನಮಗೆ ಗೊತ್ತಿದ್ದದ್ದೇ. ದಾರಿಯಲ್ಲಿ ಸಮಗಾರ ಹರಳಯ್ಯ ಬಸವಣ್ಣನಿಗೆ 'ಶರಣು' ಎಂದ. ಬಸವಣ್ಣ 'ಶರಣು ಶರಣಾರ್ಥಿ' ಎಂದ. ಕೊಟ್ಟದ್ದಕ್ಕಿಂತ ಒಂದು ಶರಣು ಹೆಚ್ಚು ಬಂತು, ಅದು ತನ್ನ ಮೇಲೆ ಸಾಲವಾಯಿತು ಎಂದು ಹರಳಯ್ಯ ಕಳವಳಗೊಂಡ. ಆ ಸಾಲ ತೀರಿಸಲು ಅವನೂ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮ ತೆಗೆದು ಚಪ್ಪಲಿ ಮಾಡಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ. ನನ್ನ ಕಾಲಿಗೆ ಆ ಯೋಗ್ಯತೆ ಇಲ್ಲವೆಂದು ತಲೆಯ ಮೇಲೆ ಹೊತ್ತ.

ಬಸವಣ್ಣ ಐಕ್ಯನಾದ ಕೂಡಲಸಂಗಮ ನಮ್ಮ ಹುನಗುಂದ ತಾಲ್ಲೂಕಿನಲ್ಲೇ ಇದೆ. ಅಲ್ಲಿಗೆ ಹೋದವರೆಲ್ಲ ಈ ಕಥೆಯನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. ನಮ್ಮ ಜನ ಈ ಕಥೆಯನ್ನು ಎದೆಗಪ್ಪಿಕೊಂಡದ್ದಕ್ಕೆ ಕಾರಣವೂ ಇದೆ. ಊರು ಮುಟ್ಟದವನ ಕೈಕೆಲಸವನ್ನು ಮಂತ್ರಿಯೊಬ್ಬ ತಲೆಯ ಮೇಲೆ ಇಟ್ಟುಕೊಂಡ ಎಂಬ ಮಾತು ಸಣ್ಣದಲ್ಲ. ಆದರೂ ರೈತನ ಮೂರು ಪ್ರಶ್ನೆಗಳನ್ನು ಇಟ್ಟು ನೋಡಿ. ಆ ಚಪ್ಪಲಿ ಕಾಲಿಗೆ ಒಪ್ಪಿತೇ? ಯಾರಿಗೂ ಗೊತ್ತಿಲ್ಲ, ಮೆಟ್ಟಿದ್ದರೆ ತಾನೆ. ಬಾಳಿಕೆ ಬಂತೇ? ಸವೆಯಲು ಅದು ನಡೆಯಲೇ ಇಲ್ಲ. ಮತ್ತೆ ಹೊಲಿಯಬಹುದೇ? ಹೊಲಿಯುವುದಾದರೆ ಇನ್ನೊಂದು ತೊಡೆ ಬೇಕು. ಕನ್ನಡಕ್ಕೆ ಗೊತ್ತಿರುವ ಅತಿ ದೊಡ್ಡ ಚಪ್ಪಲಿ, ಯಾರೂ ಮೆಟ್ಟದ ಚಪ್ಪಲಿ.

ಹರಳಯ್ಯನ ಮುಂದಿನ ಕಥೆಯೂ ಹೀಗೇ ಇದೆ. ಅವನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಬಿಜ್ಜಳನ ಆಳ್ವಿಕೆ ಇಬ್ಬರು ಬೀಗರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟಿತೆಂದು ಪರಂಪರೆ ಹೇಳುತ್ತದೆ. ಭಕ್ತಿ ಅವನ ಚರ್ಮವನ್ನು ನೆನೆಯುತ್ತದೆ, ಚರಿತ್ರೆ ಅವನ ಹೆಣವನ್ನು ನೆನೆಯುತ್ತದೆ. ಎರಡೂ ಕಡೆ ಉಳಿದದ್ದು ಸಮಗಾರನ ಮೈ. ಅವನು ದಿನಾ ಕೂತು ಹೊಲಿದ ನೂರಾರು ಜೊತೆ ಕಾಲ್ಮರಿಗಳು, ಅವನ ವಿದ್ಯೆ, ಎಲ್ಲಿಯೂ ಇಲ್ಲ. ದುಡಿಯುವವನನ್ನು ದೊಡ್ಡವನನ್ನಾಗಿ ಮಾಡಲು ಅವನನ್ನು ಕೊಯ್ಯಲೇಬೇಕೆ?

ಇದರ ಪಕ್ಕದಲ್ಲಿ ಇನ್ನೊಂದು ಜೊತೆ ಚಪ್ಪಲಿ ಇಟ್ಟು ನೋಡಿ. ಗಾಂಧೀಜಿ ದಕ್ಷಿಣ ಆಫ್ರಿಕಾದ ಜೈಲಿನಲ್ಲಿ ಹೊಲಿದ ಚಪ್ಪಲಿಯನ್ನು 1914ರಲ್ಲಿ ಜನರಲ್ ಸ್ಮಟ್ಸ್‌ಗೆ ಕೊಟ್ಟರು. 1939ರಲ್ಲಿ, ಗಾಂಧೀಜಿಗೆ ಎಪ್ಪತ್ತು ತುಂಬಿದಾಗ, ಸ್ಮಟ್ಸ್ ಅದನ್ನು ಹಿಂದಿರುಗಿಸಿದ. ನನಗೆ ಯೋಗ್ಯತೆ ಇಲ್ಲ ಎಂಬ ಮಾತನ್ನು ಅವನೂ ಹೇಳಿದ. ಆದರೆ ಹಲವು ಬೇಸಿಗೆ ಮೆಟ್ಟಿದ್ದೇನೆ ಎಂದೂ ಬರೆದ. ಬ್ಯಾರಿಸ್ಟರ್ ಹೊಲಿದರೆ ಚಪ್ಪಲಿ ಕಾಲಿಗೂ ಬರುತ್ತದೆ, ಚರಿತ್ರೆಗೂ ಬರುತ್ತದೆ. ಅವನಿಗೆ ತೊಡೆಯ ಚರ್ಮ ಕೊಡುವ ಹಂಗಿಲ್ಲ.

ಹಾಗಾದರೆ ವಚನ ಚಳವಳಿಯಲ್ಲಿ ಕಸುಬಿನವನ ದನಿ ಇಲ್ಲವೇ? ಇದೆ. ಮಾದಾರ ಧೂಳಯ್ಯನನ್ನು ಓದಿ. ಅಟ್ಟೆ ಚುಚ್ಚುವ ಉಳಿಯ ಮೊನೆಯಲ್ಲಿ ಶಿವ ಬಂದು ನಿಂತರೆ, ಇಲ್ಲಿಗೇಕೆ ಬಂದೆ ಎಂದು ಕೇಳುವ ಎದೆ ಆತನಿಗಿದೆ. ಅಲ್ಲಿ ಮೈ ಕೊಯ್ದುಕೊಳ್ಳುವುದಿಲ್ಲ, ಕೈಯಲ್ಲಿಯ ಉಳಿ ಕೆಳಗೆ ಬೀಳುವುದಿಲ್ಲ. ದೇವರು ಬಂದದ್ದು ಕೆಲಸದ ಹೊತ್ತಿನಲ್ಲಿ, ಕೆಲಸದ ಜಾಗಕ್ಕೆ. ಹರಳಯ್ಯನ ಕಥೆ ಸಾವಿರ ಸಲ ಹೇಳಲ್ಪಟ್ಟಿದೆ, ಧೂಳಯ್ಯನ ಉಳಿ ಪಠ್ಯಪುಸ್ತಕದ ಮೂಲೆಯಲ್ಲೂ ಕಾಣುವುದು ಅಪರೂಪ. ಯಾವುದನ್ನು ಮರೆಸಿದರು ಎಂಬುದರಲ್ಲೇ ವ್ಯವಸ್ಥೆಯ ಜಾಣತನ ಇದೆ.

ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರದ್ದು. ಅಲ್ಲಿ ತ್ರಿವಿಕ್ರಮ ಕಾಲೆತ್ತಿ ಲೋಕ ಅಳೆಯುತ್ತಾನೆ, ಬರಿಗಾಲಲ್ಲಿ. ದೇವರಿಗೆ ಮುಳ್ಳು ಚುಚ್ಚುವುದಿಲ್ಲ. ಚುಚ್ಚುವುದು ಎರಿ ಹೊಲದಲ್ಲಿ ಜಾಲಿಮುಳ್ಳಿನ ಮೇಲೆ ನಡೆಯುವವನಿಗೆ, ಇಳಕಲ್ಲಿನ ಕೆಂಪು ಗ್ರಾನೈಟ್ ಖಣಿಯಲ್ಲಿ ಚೂಪು ಚಕ್ಕೆಗಳ ಮೇಲೆ ನಿಲ್ಲುವವನಿಗೆ. ಎರಿ ಕೆಸರಿನಲ್ಲಿ ಚಪ್ಪಲಿ ಕೈಗೆ ಬಂದರೆ ಅದಕ್ಕೆ ಮಳೆ ಕಾರಣ. ಗೌಡರ ಓಣಿಯಲ್ಲಿ ಕೈಗೆ ಬಂದರೆ ಅದಕ್ಕೆ ಜಾತಿ ಕಾರಣ. ಹೊಲಿದವನೇ ಮೆಟ್ಟಿಕೊಂಡು ನಡೆಯಬಾರದೆಂದ ಊರುಗಳು ಇವು. ಆದ್ದರಿಂದಲೇ ನಮ್ಮ ಕೇರಿಗಳಲ್ಲಿ ಅಂಬೇಡ್ಕರರ ಪ್ರತಿಮೆ ಕೋಟಿನ ಜೊತೆ ಬೂಟನ್ನೂ ಹಾಕಿಕೊಂಡು ನಿಲ್ಲುತ್ತದೆ. ಆ ಬೂಟು ಶೋಕಿಯಲ್ಲ. ನಿಂತ ನೆಲ ತನ್ನದೂ ಹೌದು ಎಂಬ ಹಕ್ಕಿನ ಮಾತು.

ಹಕ್ಕಿನ ಮಾತಾದ ಮೇಲೆ ಆ ಬೂಟು ಎಂಥದ್ದಿರಬೇಕು ಎಂದು ಕೇಳುವುದೂ ನಮ್ಮ ಕೆಲಸವೇ.

ಮೊದಲ ಪ್ರಶ್ನೆ, ಕಚ್ಚುತ್ತದೆಯೇ. ಕಾಲಿನ ಅಳತೆಯನ್ನು ಸಂಜೆ ತೆಗೆದುಕೊಳ್ಳಬೇಕು. ದಿನವಿಡೀ ದುಡಿದ ಕಾಲು ಸ್ವಲ್ಪ ಉಬ್ಬಿರುತ್ತದೆ. ಕೂತಲ್ಲ, ನಿಂತು. ಭಾರ ಬಿದ್ದಾಗ ಪಾದ ಹರಡುತ್ತದೆ. ಒಂದಲ್ಲ, ಎರಡೂ ಕಾಲು. ಎರಡೂ ಒಂದೇ ಅಳತೆ ಇರುವುದು ಅಪರೂಪ, ದೊಡ್ಡ ಕಾಲಿಗೆ ತಕ್ಕ ಬೂಟು ತಗೊಳ್ಳಬೇಕು. ಮುಂದೆ ಹೆಬ್ಬೆರಳಷ್ಟು ಅಗಲ ಜಾಗ ಉಳಿಯಬೇಕು, ಹಿಮ್ಮಡ ನಡೆಯುವಾಗ ಮೇಲೆ ಕೆಳಗೆ ಜಾರಬಾರದು. ಪಾದದ ಅತಿ ಅಗಲದ ಜಾಗವೂ ಬೂಟಿನ ಅತಿ ಅಗಲದ ಜಾಗವೂ ಒಂದೇ ಕಡೆ ಬರಬೇಕು. ಹಾಕ್ಕೊಂಡು ಹೊತ್ತರೆ ಸಡಲ ಆಕ್ಕೈತಿ ಎಂದು ಅಂಗಡಿಯವ ಹೇಳುತ್ತಾನೆ. ಅದು ಅರ್ಧ ಸತ್ಯ. ತೊಗಲು ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಬರಿಗಾಲಲ್ಲಿ ಬೆಳೆದ ನಮ್ಮ ಪಾದ ಮುಂದೆ ಅಗಲ, ಪೇಟೆಯ ಬೂಟು ಮುಂದೆ ಚೂಪು. ಬೆರಳುಗಳು ಒಂದರ ಮೇಲೊಂದು ಹತ್ತಿದರೆ ತಪ್ಪು ಕಾಲಿನದಲ್ಲ.

ಅಳತೆ ತೆಗೆಯಲು ಕಾಲು ಮುಟ್ಟಬೇಕು. ಊರ ಮಂದಿಯ ಕಾಲಿನ ಉಬ್ಬು ತಗ್ಗು, ಆಣಿ, ಒಡಕು ಎಲ್ಲ ಗೊತ್ತಿದ್ದದ್ದು, ಊರು ತನ್ನನ್ನು ಮುಟ್ಟಗೊಡದ ಕೈಗೇ. ಇದು ವ್ಯಂಗ್ಯ ಅಷ್ಟೇ ಅಲ್ಲ. ಜ್ಞಾನ ಎಲ್ಲಿದೆ, ಮರ್ಯಾದೆ ಎಲ್ಲಿದೆ ಎಂಬ ಲೆಕ್ಕ.

ಎರಡನೆಯದು ಬಾಳಿಕೆ. ತೊಗಲಿನ ಕತ್ತರಿಸಿದ ಅಂಚು ನೋಡಿ. ಎಳೆ ಎಳೆಯಾಗಿ ಕಂಡರೆ ತೊಗಲು, ಒಳಗೆ ಬಟ್ಟೆಯ ಪದರ ಕಂಡರೆ ರೆಗ್ಜಿನ್. ಮಡಚಿ ನೋಡಿ. ಸಣ್ಣ ನೆರಿಗೆ ಬಿದ್ದರೆ ಚಿಂತೆಯಿಲ್ಲ, ಮೇಲಿನ ಬಣ್ಣ ಹೊಪ್ಪಳಿಕೆ ಎದ್ದರೆ ಕೆಳಗಿಡಿ. ನಮ್ಮ ಭಾಗದ ಕಾಲ್ಮರಿಯ ಗಟ್ಟಿತನ ಹದದಲ್ಲಿದೆ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಜಾಲಿ ಚಕ್ಕೆ, ಅಳಲೆಕಾಯಿಯ ಒಗರಿನಲ್ಲಿ ಹದ ಮಾಡುತ್ತಿದ್ದರು. ಇಡೀ ತೊಗಲನ್ನು ಚೀಲದಂತೆ ಹೊಲಿದು, ಒಗರು ನೀರು ತುಂಬಿ ತೂಗುಹಾಕಿ, ಒಸರಿದ್ದನ್ನೇ ಮತ್ತೆ ತುಂಬುವ ಕೆಲಸ. ವಾರಗಟ್ಟಲೆ ಹಿಡಿಯುತ್ತದೆ, ವಾಸನೆ ಮೈಗೆ ಹತ್ತುತ್ತದೆ. ಊರು ಆ ವಾಸನೆಗೆ ಮೂಗು ಮುಚ್ಚಿಕೊಂಡಿತು, ಆ ತೊಗಲಿಗೆ ಕಾಲು ಚಾಚಿತು. ಇಂಥ ತೊಗಲನ್ನು ಉಳಿಸಿಕೊಳ್ಳುವುದು ಕಷ್ಟವೇನಲ್ಲ. ತೋಯ್ದರೆ ನೆರಳಲ್ಲಿ ಆರಿಸಬೇಕು, ಒಲೆಯ ಮುಂದೆ ಅಲ್ಲ. ಒಣಗಿದಂತೆ ಕಂಡರೆ ಒಂದಿಷ್ಟು ಎಣ್ಣೆ.

ಮೂರನೆಯದೇ ನಿಜವಾದ ಪರೀಕ್ಷೆ. ಬಿಚ್ಚಿ ಮತ್ತೆ ಕಟ್ಟಬಹುದೇ? ಅಟ್ಟೆ ಬೂಟಿಗೆ ಹೇಗೆ ಕೂತಿದೆ ನೋಡಿ. ಅಂಟು ಹಚ್ಚಿ ಒತ್ತಿದ್ದರೆ ಅಟ್ಟೆ ಸವೆದ ದಿನ ಬೂಟಿನ ಆಯುಷ್ಯ ಮುಗಿದಂತೆಯೇ. ಒಳ್ಳೆಯ ಬೂಟಿನಲ್ಲಿ ಸುತ್ತಲೂ ಒಂದು ತೊಗಲಿನ ಪಟ್ಟಿ ಇರುತ್ತದೆ. ಅದಕ್ಕೆ ವೆಲ್ಟ್ ಎನ್ನುತ್ತಾರೆ. ಮೇಲಿನ ತೊಗಲೂ ಒಳಗಿನ ಅಟ್ಟೆಯೂ ಆ ಪಟ್ಟಿಗೆ ಒಂದು ಹೊಲಿಗೆ, ಕೆಳಗಿನ ಅಟ್ಟೆ ಅದೇ ಪಟ್ಟಿಗೆ ಇನ್ನೊಂದು ಹೊಲಿಗೆ. ಕೆಳಗಿನ ಹೊಲಿಗೆ ಬಿಚ್ಚಿದರೆ ಹಳೆಯ ಅಟ್ಟೆ ಬರುತ್ತದೆ, ಹೊಸದು ಕೂಡುತ್ತದೆ, ಮೇಲಿನ ಭಾಗಕ್ಕೆ ಏನೂ ಆಗುವುದಿಲ್ಲ. ಇದನ್ನು ಹೊಲಿಯುವ ಯಂತ್ರ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ಬಂತು, ಗುಡ್‌ಇಯರ್ ಎಂಬ ಹೆಸರು ಅದಕ್ಕೆ ಹತ್ತಿತು. ಇಂದು ಅಂಥ ಬೂಟಿಗೆ ಪೇಟೆಯಲ್ಲಿ ಸಾವಿರಾರು ರೂಪಾಯಿ. ಆದರೆ ತತ್ವ ಹೊಸದಲ್ಲ. ನಮ್ಮ ಕಾಲ್ಮರಿಯ ಅಟ್ಟೆಯ ಪದರಗಳನ್ನು ಹಿಡಿದಿರುವುದು ಮೊಳೆಯಲ್ಲ, ಅಂಟಲ್ಲ, ತೊಗಲಿನ ಬಾರೇ. ಉಂಗುಟ ಹರಿದರೆ ಉಂಗುಟವನ್ನಷ್ಟೇ ಹಾಕಬಹುದು. ಹೊಲಿದವನಿಗೆ ಬಿಚ್ಚಲೂ ಬರುತ್ತದೆ.

ಇದರ ರಾಜಕೀಯ ಇಷ್ಟು. ಬಿಚ್ಚಿ ಕಟ್ಟಬಹುದಾದ ವಸ್ತು ಮಾಡಿದವನನ್ನೂ ಕೊಂಡವನನ್ನೂ ಮತ್ತೆ ಮತ್ತೆ ಎದುರುಬದುರು ಕೂರಿಸುತ್ತದೆ. ಬಿಚ್ಚಲಾಗದ ವಸ್ತು ಕೊಂಡವನನ್ನು ಮತ್ತೆ ಅಂಗಡಿಗೆ ಓಡಿಸುತ್ತದೆ, ಬಾಗಲಕೋಟೆಯ ಬಸ್‌ಸ್ಟ್ಯಾಂಡಿನ ಬದಿ ಛತ್ರಿ ಕೆಳಗೆ ಕೂತವನ ಕೈ ಖಾಲಿ ಮಾಡುತ್ತದೆ. ಬಂಡವಾಳಶಾಹಿಗೆ ಬೇಕಾದದ್ದು ಸವೆಯುವ ಬೂಟು, ಸುಮ್ಮನಿರುವ ಸಮಗಾರ.

2019ರಲ್ಲಿ 'ಕೊಲ್ಹಾಪುರಿ' ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು. ನಮ್ಮ ನಾಲ್ಕರಲ್ಲಿ ಬಾಗಲಕೋಟೆಯೂ ಒಂದು. ಹೊಲಿದವರು ಎರಡೂ ಕಡೆಯವರು, ಹೆಸರು ಮಾರಿದ ಪೇಟೆಯದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಇದೇ ರೂಪದ ಚಪ್ಪಲಿ ತೋರಿಸಿ, ಮೂಲದ ಹೆಸರು ಹೇಳಲಿಲ್ಲ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್, 1976ರಲ್ಲಿ ಹುಟ್ಟಿದ ನಮ್ಮ ಲಿಡ್ಕರ್ ಎರಡರ ಜೊತೆ ಒಪ್ಪಂದವಾಯಿತು. 2,000 ಜೊತೆ, ಜೊತೆಗೆ ಸುಮಾರು 800 ಯೂರೋ ಬೆಲೆ ಎಂದು ಸುದ್ದಿ ಬಂತು. ಇದೂ ಚಪ್ಪಲಿಯನ್ನು ತಲೆಯ ಮೇಲೆ ಹೊರುವುದೇ ಅಲ್ಲವೆ? ಹೊಗಳಿಕೆಗೆ ಕಡಿಮೆಯಿಲ್ಲ. ಉಳಿ ಹಿಡಿದ ಕೈಗೆ ಜೊತೆಗಿಷ್ಟು ಎಂದು ಲೆಕ್ಕ ಬರೆದು ಕೊಡುವ ದಿನ ಆ ಗೌರವವನ್ನು ನಂಬೋಣ.

ಮಿಲಾನ್ ದೂರ. ಹತ್ತಿರದ್ದು ಇಳಕಲ್ಲಿನ ಖಣಿ, ಮತ್ತು ನಿಮ್ಮ ಶಾಲೆ. ಗಣಿಯಲ್ಲಿ ದುಡಿಯುವವನಿಗೆ ರಕ್ಷಣೆಯ ಬೂಟು ಇರಲೇಬೇಕೆಂದು 1961ರ ಲೋಹಗಣಿ ನಿಯಮಾವಳಿಯೇ ಹೇಳಿತ್ತು. ಹವಾಯಿ ಚಪ್ಪಲಿಯಲ್ಲಿ ಕಲ್ಲು ಸೀಳುವವನ ಕಾಲು ಆ ನಿಯಮವನ್ನು ಓದಿಲ್ಲ. ಓದಿ ಹೇಳುವವರು ನಾವಾಗಬೇಕು. ಕೊಟ್ಟರೂ ಒಂದೇ ಅಳತೆಯ ಮೂಟೆ ತಂದು ಸುರಿದರೆ ಸಾಲದು. ಕಚ್ಚುವ ಬೂಟನ್ನು ಮನುಷ್ಯ ಬಿಚ್ಚಿ ಬದಿಗಿಡುತ್ತಾನೆ, ಆಮೇಲೆ ತಪ್ಪು ಅವನದೇ ಆಗುತ್ತದೆ.

ಸರ್ಕಾರಿ ಶಾಲೆಯ ಮಕ್ಕಳಿಗೆ 2015-16ರಿಂದ ಬೂಟು ಬಂತು. ಅದು ಸಣ್ಣ ಗೆಲುವಲ್ಲ. 2022ರಲ್ಲಿ ಒಂದರಿಂದ ಐದನೇ ತರಗತಿಗೆ ಜೊತೆಗೆ 265 ರೂಪಾಯಿ ಗೊತ್ತುಮಾಡಿದ್ದರು, ಕಾಲುಚೀಲವೂ ಅದರಲ್ಲೇ. ಈ ದುಡ್ಡಿಗೆ ಹೊಲಿದ ತೊಗಲಿನ ಬೂಟು ಬರುವುದಿಲ್ಲ ಎಂದು ಯಾವ ಸಮಗಾರನೂ ಹೇಳುತ್ತಾನೆ. ಮೂರು ಪ್ರಶ್ನೆಗಳಲ್ಲಿ ಎರಡನ್ನು ಸರ್ಕಾರವೇ ಮೊದಲು ಹೊಡೆದುಹಾಕಿತು. ಮೊದಲನೆಯದಾದರೂ ಮಾಸ್ತರರ ಕೈಯಲ್ಲಿದೆ. ಕೊಳ್ಳುವುದು ಶಾಲಾಭಿವೃದ್ಧಿ ಸಮಿತಿ. ಪ್ರತಿ ಮಗುವನ್ನೂ ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆಯಿರಿ. ಎಲ್ಲ ಜಾತಿಯ ಮಕ್ಕಳ ಪಾದವನ್ನೂ ನಿಮ್ಮ ಕೈಯಿಂದಲೇ ಮುಟ್ಟಿ. ಆ ಕಾಗದಗಳನ್ನು ಊರಿನ ಚಪ್ಪಲಿ ಹೊಲಿಯುವವನ ಮುಂದೆ ಇಟ್ಟು, ನ್ಯಾಯವಾದ ದರಕ್ಕೆ ಎಂಥ ಬೂಟು ಆಗುತ್ತದೆ ಎಂದು ಬರೆಸಿಕೊಂಡು ಮೇಲಕ್ಕೆ ಕಳಿಸಿ. ರಿಪೇರಿಗೂ ಒಂದಿಷ್ಟು ದುಡ್ಡು ಕೇಳಿ.

ಒಂದು ಎಚ್ಚರ ಬೇಕು. ಕಸುಬನ್ನು ಹೊಗಳುವುದು ಕಸುಬಿಗೆ ಕಟ್ಟಿಹಾಕುವುದಾಗಬಾರದು. ಜಾತಿ ಎಂದರೆ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟರು. ಸಮಗಾರನ ಮಗ ಕಲೆಕ್ಟರ್ ಆಗಲಿ, ಗೌಡನ ಮಗ ಉಳಿ ಹಿಡಿಯಲಿ. ವಿದ್ಯೆ ಉಳಿಯಬೇಕು, ಹುಟ್ಟಿನ ಬೇಡಿ ಬೀಳಬೇಕು. ಹಳ್ಳಿಯ ಆಯದ ಕಾಳಿಗೆ ವರ್ಷವಿಡೀ ಮಿಣಿ, ಬಾರು, ಚಪ್ಪಲಿ ಬಿಟ್ಟಿ ಮಾಡಿಕೊಟ್ಟ ಕಾಲವನ್ನು ಯಾರೂ ಚಂದದ ಕಾಲ ಎಂದು ಬರೆಯದಿರಲಿ.

ಬರೆಯುವ ಗೆಳೆಯರಿಗೂ ಇದೇ ಮಾತು. ನಮ್ಮ ಕಥೆಗಳಲ್ಲಿ ಇನ್ನು ಹರಳಯ್ಯ ತೊಡೆ ಕೊಯ್ದುಕೊಳ್ಳದಿರಲಿ. ಅಳತೆ ತಗೊಳ್ಳಲಿ, ಅಟ್ಟೆ ಕತ್ತರಿಸಲಿ, ಬೆಲೆ ಹೇಳಲಿ. ಬಸವಣ್ಣ ಮೆಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದು, ಎಲ್ಲಿ ಕಚ್ಚುತ್ತದೆ ಎಂದು ಹೇಳಲಿ. ಆಗ ಇಬ್ಬರೂ ಸರಿಸಮ ಕೂತು ಮಾತಾಡಿದಂತಾಗುತ್ತದೆ. ಸವೆದ ದಿನ ಮತ್ತೆ ಬರುತ್ತಾನೆ, ಹರಳಯ್ಯ ಹೊಲಿಗೆ ಬಿಚ್ಚಿ ಹೊಸ ಅಟ್ಟೆ ಹಾಕುತ್ತಾನೆ, ಬಸವಣ್ಣ ದುಡ್ಡು ಎಣಿಸಿ ಕೊಡುತ್ತಾನೆ. ಒಬ್ಬರಿಗೊಬ್ಬರ ಸಾಲ ಅಲ್ಲಿ ತೀರುತ್ತದೆ.