ಕೂರ್ಪಾಸವೂ ಕುಬಸವೂ

ಕಳೆದ ತಿಂಗಳ ನಮ್ಮ ಸಂಘದ ಸಭೆಯಲ್ಲಿ ತರುಣ ಮಿತ್ರರೊಬ್ಬರು ಉಡುಪಿನ ವಿಷಯವಾಗಿ ಒಂದು ಪ್ರಬಂಧವನ್ನು ಓದಿದರು. ಅವರ ಅಭಿಪ್ರಾಯದ ಸಾರವಿಷ್ಟು: ಸೈನಿಕರ ಉಡುಪನ್ನು ಸಾಮಾನ್ಯ ಜನರು ಅನುಕರಿಸುವುದು ಆಧುನಿಕ ಕಾಲದ ವಿಕಾರ; ಪರದೇಶದಿಂದ ಬಂದ ವ್ಯಾಧಿ; ನಮ್ಮ ಪೂರ್ವಜರಲ್ಲಿ ರಣರಂಗದ ವಸ್ತ್ರವು ರಣರಂಗದಲ್ಲಿಯೂ ಮನೆಯ ವಸ್ತ್ರವು ಮನೆಯಲ್ಲಿಯೂ ಇದ್ದುವು. ಪ್ರಬಂಧದ ಭಾಷೆ ಸ್ವಚ್ಛವಾಗಿತ್ತು; ಲೇಖಕರ ಕಳಕಳಿಯೂ ಪ್ರಾಮಾಣಿಕವಾದುದೇ. ಆದರೆ ಅವರ ಸಿದ್ಧಾಂತದಲ್ಲಿ ಸತ್ಯವಿರುವುದು ಅರ್ಧ ಮಾತ್ರ. ಉಳಿದರ್ಧವನ್ನು ತೋರಿಸುವುದು ಹಿರಿಯನಾದ ನನ್ನ ಕರ್ತವ್ಯವೆಂದು ಬಗೆದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಪೂರ್ವಜರ ಸಾಕ್ಷ್ಯವನ್ನೇ ಕೇಳೋಣ. ಮೈಸೂರಿನ ಪಂಡಿತ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದುಂಟು. ಅಲ್ಲಿ ಕವಚಗಳ ಪಟ್ಟಿಯಲ್ಲಿ ಶಿರಸ್ತ್ರಾಣ, ಕಂಠತ್ರಾಣಗಳ ಜೊತೆಗೆ ಕೂರ್ಪಾಸ, ಕಂಚುಕ, ವಾರಬಾಣ ಎಂಬ ಹೆಸರುಗಳು ಬರುತ್ತವೆ. ಇವು ಯೋಧನ ಮೈಯನ್ನು ಕಾಯುವ ಸಾಧನಗಳು. ಇನ್ನು ಅಮರಕೋಶವನ್ನು ತೆರೆದರೆ ವಿಚಿತ್ರವೊಂದು ಕಾಣುತ್ತದೆ. ಕಂಚುಕ, ವಾರಬಾಣಗಳನ್ನು ಅಮರಸಿಂಹನು ಕ್ಷತ್ರಿಯವರ್ಗದಲ್ಲಿಯೇ ಇರಿಸಿದ್ದಾನೆ. ಕೂರ್ಪಾಸಕವನ್ನಾದರೋ ಮನುಷ್ಯವರ್ಗದಲ್ಲಿ, ಚೋಲವೆಂಬ ರವಿಕೆಯ ಪಕ್ಕದಲ್ಲಿ ಕೂರಿಸಿದ್ದಾನೆ. ಆಯುಧಶಾಲೆಯಲ್ಲಿದ್ದ ಹೆಸರು ಸ್ತ್ರೀಯರ ಉಡುಪಿನ ಪೆಟ್ಟಿಗೆಯಲ್ಲಿಯೂ ಬಾಳುತ್ತಿದೆ! ಬಾಣಭಟ್ಟನ ಹರ್ಷಚರಿತದಲ್ಲಿ ದಂಡಯಾತ್ರೆಗೆ ನೆರೆದ ರಾಜರು ಕಂಚುಕ, ವಾರಬಾಣ, ಕೂರ್ಪಾಸಕಗಳನ್ನಲ್ಲದೆ ಚೀನಚೋಲಕವೆಂಬ, ಹೆಸರಿನಿಂದಲೇ ಪರದೇಶವನ್ನು ಸೂಚಿಸುವ ಅಂಗಿಯನ್ನೂ ತೊಟ್ಟು ಬರುತ್ತಾರೆ. ಸೈನ್ಯವೂ ಪರದೇಶವೂ ನಮ್ಮ ಉಡುಪನ್ನು ಮುಟ್ಟಿದ್ದು ನಿನ್ನೆ ಮೊನ್ನೆಯ ಮಾತಲ್ಲವೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ?

ಕೂರ್ಪಾಸದ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಆ ಸಂಸ್ಕೃತ ಶಬ್ದದ ತದ್ಭವವೇ ನಮ್ಮ ಕುಪ್ಪಸ. ನಮ್ಮ ಭಾಲ್ಕಿ, ಔರಾದ ಕಡೆಯ ತಾಯಂದಿರ ಬಾಯಲ್ಲಿ ಅದು ಮತ್ತಷ್ಟು ಮೆತ್ತಗಾಗಿ ಕುಬಸವಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ ಹರಸುವ ಮಂಗಲಕಾರ್ಯಕ್ಕೂ ಉತ್ತರ ಕರ್ನಾಟಕದಲ್ಲಿ ಕುಬಸವೆಂದೇ ಹೆಸರು. ಬಾಣಗಳನ್ನು ತಡೆಯುವ ಕವಚಕ್ಕಿದ್ದ ಹೆಸರು ಹುಟ್ಟಲಿರುವ ಕೂಸಿನ ಹರಕೆಗೆ ಹೆಸರಾಯಿತು. ಆ ದಿನ ಆರತಿ ಬೆಳಗುವ ಮುತ್ತೈದೆಯರಲ್ಲಿ ಯಾರ ಕಿವಿಗೂ ಕಬ್ಬಿಣದ ಸಪ್ಪಳ ಕೇಳಿಸುವುದಿಲ್ಲ, ಕೇಳಿಸಬೇಕಾದುದೂ ಇಲ್ಲ.

ಇಲ್ಲಿಯೇ ನಮಗೆ ವಿಮರ್ಶೆಯ ಅಳತೆಗೋಲೊಂದು ದೊರೆಯುತ್ತದೆ. ಅನ್ಯಭಾಷೆಯ ಶಬ್ದಗಳು ನಮ್ಮ ನುಡಿಗೆ ಎರಡು ಬಗೆಯಲ್ಲಿ ಬರುತ್ತವೆಂದು ಶಾಲೆಯ ಬಾಲಕನೂ ಬಲ್ಲ. ಬಂದ ರೂಪದಲ್ಲಿಯೇ ನಿಂತರೆ ತತ್ಸಮ. ನಮ್ಮ ನಾಲಗೆಗೆ ಒಗ್ಗಿ ರೂಪ ಬದಲಾಯಿಸಿದರೆ ತದ್ಭವ. ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಉಡುಪಿಗೂ ಇದೇ ನ್ಯಾಯವನ್ನು ಅನ್ವಯಿಸಬಹುದು. ಯುದ್ಧದಲ್ಲಿ ಹುಟ್ಟಿದ ಬಟ್ಟೆಯು ಮನೆಗೆ ಬಂದು, ಶೌರ್ಯದ ಸೋಗನ್ನು ಹೊರಗಿಟ್ಟು, ಉಪಯೋಗವನ್ನಷ್ಟೇ ಒಳಗೆ ತಂದರೆ ಅದು ತದ್ಭವ, ಅದು ನಮ್ಮದು. ಉಪಯೋಗವನ್ನು ಬಿಟ್ಟು ಸೋಗನ್ನಷ್ಟೇ ತಂದರೆ ಅದು ಉಡುಪಲ್ಲ, ವೇಷ.

ಖಾಕಿಯನ್ನು ಈ ಅಳತೆಗೋಲಿನಿಂದ ಅಳೆಯೋಣ. ಪಾರಸಿಯಲ್ಲಿ ಖಾಕ್ ಎಂದರೆ ಮಣ್ಣು, ಧೂಳು. ಉರ್ದು ಬೆರೆತ ನಮ್ಮ ಬೀದರದ ಮಾತಿನಲ್ಲಿ ಈ ಶಬ್ದಕ್ಕೆ ಅರ್ಥ ಹೇಳಬೇಕಾದುದೇ ಇಲ್ಲ. 1846ರಲ್ಲಿ ಪೇಶಾವರದಲ್ಲಿ ಲಮ್ಸ್‌ಡನ್ನನು ಕಟ್ಟಿದ ಗೈಡ್ಸ್ ಎಂಬ ದಳದ ಸೈನಿಕರು ಧೂಳಿನೊಡನೆ ಧೂಳಾಗಿ ಕಾಣದಿರಲೆಂದು ಈ ಬಣ್ಣದ ಬಟ್ಟೆಯನ್ನು ತೊಟ್ಟರು. ಇತ್ತ ನಮ್ಮ ಮಂಗಳೂರಿನಲ್ಲಿ, 1851ರಲ್ಲಿ ಬಂದ ಹಾಲರನೆಂಬ ನೇಕಾರನು ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆಯನ್ನು ಬೆಳೆಸಿ, ಅಲ್ಲಿ ಖಾಕಿಯ ಬಣ್ಣವನ್ನು ಕಟ್ಟಿದನು. ಬಾಳಿಕೆ ಬರುವ, ಕೊಳೆ ತೋರದ ಬಟ್ಟೆಯಾದುದರಿಂದ ಅದು ದಂಡಿನಿಂದ ಪೊಲೀಸರಿಗೆ, ಪೊಲೀಸರಿಂದ ಅಂಚೆಯವರಿಗೆ, ಬಸ್ಸು ನಡೆಸುವವರಿಗೆ, ರಿಕ್ಷಾ ನಡೆಸುವವರಿಗೆ, ಕೊನೆಗೆ ಶಾಲೆಯ ಹುಡುಗರ ಚಡ್ಡಿಗೂ ಬಂತು.

ನಾನು ಶಾಲೆಗೆ ಸೇರಿದಾಗ ನನಗೂ ಒಂದು ಖಾಕಿ ಚಡ್ಡಿ ಹೊಲಿಸಿದರು. ಅದನ್ನು ತೊಟ್ಟು ಮನೆಗೆ ಬಂದ ದಿನ ನಮ್ಮ ಅಜ್ಜಿ ನನ್ನನ್ನು ಕಟ್ಟೆಯ ಮೇಲೆಯೇ ನಿಲ್ಲಿಸಿದಳು. 1948ರಲ್ಲಿ, ರಜಾಕಾರರ ಹಾವಳಿಯ ದಿನಗಳಲ್ಲಿ, ಖಾಕಿಯನ್ನು ಕಂಡೊಡನೆ ಬಾಗಿಲಿಕ್ಕಿ ಉಸಿರು ಬಿಗಿಹಿಡಿದು ಕುಳಿತವಳು ಅವಳು. ಆ ಬಣ್ಣ ಹೊಸಿಲು ದಾಟಬಾರದೆಂಬುದು ಅವಳ ಹಟ. ಹಲವು ತಿಂಗಳು ನಾನು ಹೊರಗೇ ಚಡ್ಡಿ ಬದಲಿಸಿ ಒಳಗೆ ಹೋಗುತ್ತಿದ್ದೆ. ವರುಷ ಕಳೆಯುವುದರೊಳಗೆ ಆ ಚಡ್ಡಿ ಹಿಂದೆ ಹರಿಯಿತು. ಒಂದು ಸಂಜೆ ನೋಡುತ್ತೇನೆ: ಅಜ್ಜಿಯೇ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ದೀಪದ ಬುಡದಲ್ಲಿ ಕುಳಿತು ತೇಪೆ ಹಚ್ಚುತ್ತಿದ್ದಾಳೆ. ನಾನು ಬೆರಗಿನಿಂದ ನೋಡಲು, “ಅರಿವಿಗಿ ಏನ್ ತಿಳೀತದ ತಮ್ಮಾ, ತೊಟ್ಟಾಂವಗ ತಿಳೀಬೇಕು” ಎಂದಳು. ಮುಂದೆ ಪಾಠಶಾಲೆಯಲ್ಲಿ ನಾನು ಓದಿದ ಅಲಂಕಾರಶಾಸ್ತ್ರದಲ್ಲಿ ಔಚಿತ್ಯದ ವಿಷಯವಾಗಿ ಇದಕ್ಕಿಂತ ಹೆಚ್ಚಿನದನ್ನು ಕಲಿತೆನೆಂದು ಹೇಳಲಾರೆ. ಅಂದು ಆ ತೇಪೆಯೊಡನೆ ಖಾಕಿಯು ನಮ್ಮ ಮನೆಯಲ್ಲಿ ತದ್ಭವವಾಯಿತು.

ಇನ್ನೊಂದು ಉದಾಹರಣೆ. ಬೀದರದ ಮಾಗಿಯ ಚಳಿ ನಾಡಿಗೆಲ್ಲ ಗೊತ್ತಿರುವುದೇ. ನಸುಕಿನಲ್ಲಿ ಹಾಲಿಗೆ ಹೋಗುವ ಮುದುಕನ ತಲೆಯ ಮೇಲೆ, ಕಿವಿ ಗದ್ದಗಳನ್ನು ಮುಚ್ಚುವ ಉಣ್ಣೆಯ ಮಂಕಿ ಟೋಪಿ ಇರುತ್ತದೆ. ಇಂಗ್ಲಿಷರು ಇದನ್ನು ಬ್ಯಾಲಕ್ಲಾವಾ ಎನ್ನುತ್ತಾರೆ. ಅದು 1854ರ ಕ್ರಿಮಿಯಾ ಯುದ್ಧದಲ್ಲಿ ಕದನ ನಡೆದ ಊರಿನ ಹೆಸರು. ಅದೇ ಕದನದಲ್ಲಿ ಕುದುರೆಯ ದಳವನ್ನು ನಡೆಸಿದ ಕಾರ್ಡಿಗನ್ ಪ್ರಭುವಿನ ಹೆಸರು, ಮುಂದೆ ಗುಂಡಿಯಿರುವ ಉಣ್ಣೆಯ ಅಂಗಿಗೆ ಉಳಿದಿದೆ. ನಮ್ಮ ಮುದುಕನಿಗೆ ಕ್ರಿಮಿಯಾದ ಗೊಡವೆಯಿಲ್ಲ. ಅವನಿಗೆ ಕಿವಿ ಬೆಚ್ಚಗಿದ್ದರೆ ಸಾಕು. ಇಂಥ ಅನುಕರಣವನ್ನು ವ್ಯಾಧಿಯೆಂದು ಕರೆಯುವವರು ಕಿವಿ ತೆರೆದುಕೊಂಡು ಒಂದು ಮುಂಜಾವು ಕೋಟೆಯ ಕಡೆಗೆ ನಡೆದು ಬರಲಿ.

ಹಾಗಾದರೆ ತರುಣ ಮಿತ್ರರ ಮಾತಿನಲ್ಲಿ ಸತ್ಯವಿರುವ ಅರ್ಧ ಯಾವುದು? ಅದನ್ನೂ ಹೇಳಬೇಕು. ನಮ್ಮ ಪೇಟೆಯಲ್ಲಿ ಈಗ ಹಸಿರು, ಕಂದು ಮಚ್ಚೆಗಳ ಮಿಲ್ಟ್ರಿ ಪ್ಯಾಂಟು, ಟೋಪಿಗಳು ತೂಗುತ್ತಿರುತ್ತವೆ. ಈ ಮಚ್ಚೆಯ ವಿದ್ಯೆಗೆ 1915ರಲ್ಲಿ ಫ್ರೆಂಚರ ಸೈನ್ಯವು ಚಿತ್ರಕಾರರನ್ನೇ ಕೂಡಿಸಿ ಒಂದು ದಳವನ್ನು ಕಟ್ಟಿತು. ಶತ್ರುವಿನ ಕಣ್ಣಿಗೆ ಬೀಳದಿರುವುದೇ ಅದರ ಏಕೈಕ ಪ್ರಯೋಜನ. ಅದನ್ನೇ ನಮ್ಮ ಹುಡುಗರು ನಾಲ್ಕು ಜನರ ಕಣ್ಣಿಗೆ ಬೀಳಲೆಂದು ತೊಡುತ್ತಾರೆ! ಬಟ್ಟೆಯ ಅರ್ಥವೂ ತೊಟ್ಟವನ ಉದ್ದೇಶವೂ ಇಷ್ಟು ವಿರುದ್ಧವಾಗಿ ನಿಂತ ಬೇರೊಂದು ಉದಾಹರಣೆಯನ್ನು ನಾನು ಕಾಣೆ. ನಮ್ಮ ಸೈನ್ಯವು 2022ರ ಜನವರಿ 15ರಂದು ತನ್ನ ಹೊಸ ರಣವಸ್ತ್ರವನ್ನು ತೋರಿಸಿದಾಗ ಅದನ್ನು ಪೇಟೆಯಲ್ಲಿ ಮಾರಗೊಡಬಾರದೆಂದು ನಿಶ್ಚಯಿಸಿದುದು ಸುಮ್ಮನೆ ಅಲ್ಲ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೈನಿಕನ ಉಡುಪು ತೊಡುವುದನ್ನು 1860ರ ದಂಡಸಂಹಿತೆಯೇ ಅಪರಾಧವೆಂದು ಸಾರಿತ್ತು. ಗಮನಿಸಿರಿ: ಕಾಯಿದೆಯೂ ನಮ್ಮ ಅಜ್ಜಿಯಂತೆ ಅರಿವೆಯನ್ನು ಹಿಡಿಯಲಿಲ್ಲ, ತೊಟ್ಟವನ ಮನಸ್ಸನ್ನು ಹಿಡಿಯಿತು.

ಈ ಊರಿನವರಾದ ನಮಗೆ ಈ ವಿವೇಕ ಇನ್ನೂ ಹೆಚ್ಚು ಬೇಕು. ನಮ್ಮ ತಲೆಯ ಮೇಲೆ ವಾಯುಸೇನೆಯ ಹಾಕ್ ವಿಮಾನಗಳು ಹಾರುತ್ತವೆ; ಇಲ್ಲಿಯ ಕೇಂದ್ರದಲ್ಲಿ ಹುಡುಗರು ಚಾಲಕರಾಗಲು ಬೆವರು ಸುರಿಸುತ್ತಾರೆ. ನಾನು ಅಕ್ಷರ ಕಲಿಸಿದ ಮಕ್ಕಳಲ್ಲಿಯೂ ಕೆಲವರು ಸೈನ್ಯದಲ್ಲಿದ್ದಾರೆ. ಅವರು ರಜೆಯಲ್ಲಿ ಊರಿಗೆ ಬಂದಾಗ ನೋಡಿದ್ದೇನೆ: ಧೋತರ ಉಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಾರೆ. ಮಚ್ಚೆಯ ಅಂಗಿಯನ್ನು ತೊಟ್ಟು ಚೌಕದಲ್ಲಿ ನಿಲ್ಲುವವರು ಬೇರೆಯವರು.

ಆದುದರಿಂದ ಮಿತ್ರರು ತಮ್ಮ ಪ್ರಬಂಧದಲ್ಲಿ ಒಂದು ತಿದ್ದುಪಡಿ ಮಾಡಿಕೊಳ್ಳಬೇಕೆಂದು ನನ್ನ ಬಿನ್ನಹ. ಬಟ್ಟೆ ಎಲ್ಲಿಂದ ಬಂತೆಂದು ಕೇಳುವುದನ್ನು ಬಿಟ್ಟು, ಬಂದ ಮೇಲೆ ನಮ್ಮಲ್ಲಿ ಏನಾಯಿತೆಂದು ಕೇಳಲಿ. ಮೊದಲ ಪ್ರಶ್ನೆಯನ್ನೇ ಹಿಡಿದು ಹೊರಟರೆ ಖಾಕಿಯನ್ನಷ್ಟೇ ಅಲ್ಲ, ಕುಬಸವನ್ನೂ ಮನೆಯಿಂದ ಹೊರಗೆ ಹಾಕಬೇಕಾದೀತು. ಅದಕ್ಕೆ ನಮ್ಮ ತಾಯಂದಿರು ಒಪ್ಪಲಾರರು.