ಬೆನ್ನು ಬೀಳುವವನ ಮನಸ್ಸು: ಪ್ರೀತಿಯೋ, ಧಣಿಗಿರಿಯೋ?

ಯಶ್ ಚೋಪ್ರಾ ಅವರ 'ಡರ್' ಚಿತ್ರ 1993ರಲ್ಲಿ ಬಂತು. ಹೆಣ್ಣೊಬ್ಬಳ ಬೆನ್ನು ಬಿದ್ದು, ಫೋನಿನಲ್ಲಿ ಹೆದರಿಸಿ, ಎದೆಯ ಮೇಲೆ ಅವಳ ಹೆಸರು ಕೊಯ್ದುಕೊಳ್ಳುವ ರಾಹುಲ್ ಇದರ ಖಳ. ಕಡೆಗೆ ಸಾಯುತ್ತಾನೆ. ಆದರೂ ಜನ ಚಪ್ಪಾಳೆ ಹೊಡೆದದ್ದು ಆ ಪಾತ್ರ ಮಾಡಿದ ಶಾರೂಖ್ ಖಾನನಿಗೇ. 2013ರ 'ರಾಂಝಣಾ'ದಲ್ಲಿ ಇಂಥವನೇ ನಾಯಕನಾಗಿ ಬಡ್ತಿ ಪಡೆದ. ಅವಳ ಮುಂದೆ ಕೈ ಕೊಯ್ದುಕೊಂಡರೆ ಅದು ಪ್ರೀತಿಯ ಪುರಾವೆಯಂತೆ! ಅವನ ನೋವಿಗೆ ಹಾಡು, ಸಂಗೀತ ಎಲ್ಲ ಉಂಟು. ಅವಳ ಭಯವನ್ನು ಕೇಳುವವರು ಯಾರು?

ಇಂಥವರ ಮನಸ್ಸು ಎಂಥದು? ಆಸ್ಟ್ರೇಲಿಯಾದ ಮನೋವೈದ್ಯ ಪಾಲ್ ಮುಲೆನ್ ಮತ್ತು ಸಂಗಡಿಗರು ಹೀಗೆ ಬೆನ್ನು ಬಿದ್ದ 145 ಮಂದಿಯನ್ನು ಪರೀಕ್ಷಿಸಿ 1999ರಲ್ಲಿ ಐದು ಬಗೆ ಗುರುತಿಸಿದರು: ಮುರಿದ ಸಂಬಂಧವನ್ನು ಬಿಡಲಾರದವರು, ಇಲ್ಲದ ಪ್ರೀತಿಯನ್ನು ಕಲ್ಪಿಸಿಕೊಂಡವರು, ಹೆಣ್ಣಿನೊಡನೆ ಬೆರೆಯುವ ರೀತಿ ತಿಳಿಯದವರು, ಸೇಡಿನವರು, ದಾಳಿಗೆ ಹೊಂಚು ಹಾಕುವವರು. ಎಲ್ಲರನ್ನೂ 'ಹುಚ್ಚ' ಅಂತ ಒಂದೇ ಮೂಟೆಗೆ ತುಂಬಲು ಬರುವುದಿಲ್ಲ. ಭ್ರಮೆ ಹಿಡಿದವನಿಗೆ ವೈದ್ಯರು ಬೇಕು, ನಿಜ. ಆದರೆ ಎಲ್ಲಕ್ಕಿಂತ ದೊಡ್ಡ ಗುಂಪು ಮೊದಲನೆಯದು. ಇಂಥವನಿಗೆ 'ಒಲ್ಲೆ' ಎಂಬ ಮಾತು ತಿಳಿಯದೆ ಅಲ್ಲ. ಅದನ್ನು ಹೇಳುವ ಹಕ್ಕು ಅವಳಿಗಿದೆ ಎಂಬುದನ್ನು ಅವನು ಒಪ್ಪಲಾರ ಎಂಬುದು ನಮ್ಮ ತಿಳುವಳಿಕೆ.

ಈ ಹಕ್ಕನ್ನು ನಮ್ಮ ಊರುಗಳೂ ಒಪ್ಪಿಲ್ಲ. ಧಣಿಯ ಮಗ ಕೂಲಿಯವಳ ಮಗಳ ಹಿಂದೆ ಬೈಕು ಬಿಟ್ಟರೆ 'ಹುಡುಗ್ರು, ಬಿಡ್ರಿ' ಅಂತಾರೆ. ಕೇರಿಯ ಹುಡುಗ ಮೇಲ್ಜಾತಿಯ ಹುಡುಗಿಯನ್ನು ಕಣ್ಣೆತ್ತಿ ನೋಡಿದರೆ ಕೇರಿಗೇ ಬೆಂಕಿ. ಇಲ್ಲಿ ಕಾಯುತ್ತಿರುವುದು ಹೆಣ್ಣನ್ನಲ್ಲ, ಜಾತಿಯನ್ನು. ಹಾಗಂತ ನಮ್ಮ ಹುಡುಗರು ಹೊರತೇನಲ್ಲ. ಧಣಿಯ ಮುಂದೆ ತಲೆ ತಗ್ಗಿಸಿ ಬಂದವನು ಕೇರಿಯ ಹೆಣ್ಣಿನ ಮುಂದೆ ತಾನೇ ಧಣಿಯಾಗುತ್ತಾನೆ. ಇದನ್ನು ಮುಚ್ಚಿಟ್ಟರೆ ನಮ್ಮ ಬಂಡಾಯ ಅರ್ಧಕ್ಕೇ ನಿಂತಂತೆ.

'ರಾಂಝಣಾ' ಬಂದ 2013ರಲ್ಲೇ ಹೆಣ್ಣಿನ ಬೆನ್ನು ಬೀಳುವುದು ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಆದರೆ ಹೆದರಿದ ಅಪ್ಪ ಠಾಣೆಯ ಮೆಟ್ಟಿಲು ಹತ್ತುವ ಮೊದಲು ಮಗಳನ್ನೇ ಸ್ಕೂಲು ಬಿಡಿಸುತ್ತಾನೆ. ತಪ್ಪು ಮಾಡಿದವನು ಬೀದಿಯಲ್ಲಿ, ಶಿಕ್ಷೆ ಅನುಭವಿಸುವವಳು ಮನೆಯೊಳಗೆ.

ಮೇಷ್ಟ್ರೇ, ಹಾಜರಿ ಪುಸ್ತಕದಲ್ಲಿ ಹುಡುಗಿಯೊಬ್ಬಳ ಗೈರು ಹೆಚ್ಚತೊಡಗಿದರೆ, ಅವಳು ಬರುವ ದಾರಿಯಲ್ಲಿ ಯಾರು ನಿಂತಿದ್ದಾನೆ, ಒಮ್ಮೆ ಹೋಗಿ ನೋಡಿ.