ಮಾದರಿ ಎಂದರೆ ಯಾರ ಮುಖ?

ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಗೋಡೆಚಿತ್ರಗಳ ನಗರ ಎನ್ನಬಹುದು. ಮೆಕ್ಸಿಕೊ ಮತ್ತು ಲ್ಯಾಟಿನ್ ಅಮೆರಿಕ ಮೂಲದ, ಅಲ್ಲಿನ ಸರಕಾರ ಹಿಸ್ಪಾನಿಕ್ ಎಂದು ಕರೆಯುವ ಜನರ ಮೊಹಲ್ಲಾಗಳಲ್ಲಿ ಇಂಥ ಚಿತ್ರಗಳಿಗೆ ಒಂದು ನಿಶ್ಚಿತ ಕೆಲಸವಿದೆ. ಬೆಳೆಯುವ ಮಕ್ಕಳಿಗೆ ತಮ್ಮವರೇ ಆದ ಮಾದರಿಗಳನ್ನು ತೋರಿಸುವುದು. ಈ ಕೆಲಸ ಎಷ್ಟರಮಟ್ಟಿಗೆ ಆಗುತ್ತದೆ ಎಂದು ನಾವು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು, 1997ರಲ್ಲಿ ಹೆಕ್ಟರ್ ಪೋನ್ಸೆ ಮ್ಯಾಕ್‌ಆರ್ಥರ್ ಪಾರ್ಕ್ ಬಳಿ ಬಿಡಿಸಿದ್ದು. ಅದರ ಮುಖ್ಯ ವ್ಯಕ್ತಿಗಳು ಇಬ್ಬರು. ಬೊಲಿವಿಯಾದಿಂದ ಬಂದು ಗಾರ್ಫೀಲ್ಡ್ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಹೈಮೆ ಎಸ್ಕಲಾಂಟೆ ಒಬ್ಬರು. 1988ರ ಸಿನಿಮಾದಲ್ಲಿ ಅವರ ಪಾತ್ರ ವಹಿಸಿದ ನಟ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಇನ್ನೊಬ್ಬರು. ಗೋಡೆಯ ಮೇಲೆ ಮೇಷ್ಟ್ರಿಗೆ ಸ್ಥಾನ ಸಿಕ್ಕಿದ್ದು ನಮಗೆ ಸಂತೋಷವೇ. ಆದರೆ ಎಸ್ಕಲಾಂಟೆಯವರ ಹಿರಿಮೆ ಇರುವುದು ಎಲ್ಲಿ? 1982ರಲ್ಲಿ ಅವರ 18 ವಿದ್ಯಾರ್ಥಿಗಳು ಕಾಲೇಜು ಮಟ್ಟದ ಕ್ಯಾಲ್ಕುಲಸ್ ಪರೀಕ್ಷೆ ಪಾಸಾದರು. ಪರೀಕ್ಷಾ ಸಂಸ್ಥೆ 14 ಮಂದಿಯ ಮೇಲೆ ನಕಲಿನ ಶಂಕೆ ಹೊರಿಸಿತು. ಅವರಲ್ಲಿ 12 ಮಂದಿ ಮತ್ತೆ ಪರೀಕ್ಷೆಗೆ ಕೂತರು, ಎಲ್ಲರೂ ಪಾಸಾದರು. ಗುರುವನ್ನು ಅಳೆಯುವುದು ಶಿಷ್ಯರಿಂದ. ಶಂಕೆಯನ್ನು ನುಂಗಿಕೊಂಡು ಮತ್ತೆ ಪೆನ್ನು ಹಿಡಿದ ಆ ಮಕ್ಕಳೇ ನಿಜವಾದ ಮಾದರಿ. ಚಿತ್ರದ ಗೌರವ ಮಾತ್ರ ಮೇಷ್ಟ್ರಿಗೂ ಮೇಷ್ಟ್ರ ವೇಷ ಹಾಕಿದವರಿಗೂ ಹಂಚಿಹೋಗಿದೆ.

ಎರಡನೆಯದು 'ಗ್ರೇಟ್ ವಾಲ್ ಆಫ್ ಲಾಸ್ ಏಂಜಲೀಸ್'. ಪ್ರವಾಹದ ನೀರು ಹರಿಯಲೆಂದು ಕಟ್ಟಿದ ಕಾಂಕ್ರೀಟ್ ಕಾಲುವೆಯ ಗೋಡೆ ಅದು. ಕಲಾವಿದೆ ಜೂಡಿತ್ ಬಾಕಾ 1976ರ ಬೇಸಿಗೆಯಲ್ಲಿ ಅಲ್ಲಿ ಕೆಲಸ ಶುರುಮಾಡಿದಾಗ ಜೊತೆಗಿದ್ದವರು ಪೊಲೀಸು, ಕೋರ್ಟು ಕಂಡಿದ್ದ 80 ಮಂದಿ ಹುಡುಗರು. ಹಲವು ಬೇಸಿಗೆಗಳಲ್ಲಿ 400ಕ್ಕೂ ಹೆಚ್ಚು ಯುವಜನರು ದುಡಿದು, 2,754 ಅಡಿ ಉದ್ದದ ಚಿತ್ರ ಮೂಡಿತು.

ಇಲ್ಲಿ ಮಹಾಪುರುಷರ ಸಾಲುಭಾವಚಿತ್ರಗಳಿಗಿಂತ ಘಟನೆಗಳಿಗೆ ಹೆಚ್ಚು ಜಾಗ. ಮೂವತ್ತರ ದಶಕದಲ್ಲಿ ಮೆಕ್ಸಿಕೊ ಮೂಲದವರನ್ನು ಗಡೀಪಾರು ಮಾಡಿದ್ದು, 1943ರಲ್ಲಿ ಉಡುಪಿನ ನೆಪದಲ್ಲಿ ನೌಕಾಪಡೆಯವರು ಯುವಕರ ಮೇಲೆ ಬಿದ್ದದ್ದು ಇಲ್ಲಿವೆ. ಹೆದ್ದಾರಿಯ ಕಂಬಗಳು ಹಾವಿನಂತೆ ಸುತ್ತಿಕೊಂಡು ಒಂದು ಕುಟುಂಬವನ್ನು ಬೇರ್ಪಡಿಸುತ್ತವೆ. ಬಡವರ ಮನೆಗಳನ್ನು ತೆರವುಗೊಳಿಸಿದ ಜಾಗದ ಮೇಲೆ ಬೇಸ್‌ಬಾಲ್ ಕ್ರೀಡಾಂಗಣ ಆಕಾಶದಿಂದ ಹಾರುವ ತಟ್ಟೆಯಂತೆ ಇಳಿಯುತ್ತದೆ. ಆ ದೃಶ್ಯದ ಮುಂದೆ ವ್ಯಾಖ್ಯಾನವೇ ಬೇಡ.

ನಮ್ಮನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಸಂಗತಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಶಿಬಿರಗಳಲ್ಲಿ ಕೂಡಿಹಾಕಲ್ಪಟ್ಟ ಜಪಾನಿ ಮೂಲದ ಅಮೆರಿಕನ್ನರೂ ಇದೇ ಗೋಡೆಯಲ್ಲಿದ್ದಾರೆ. ತನ್ನ ಸಮುದಾಯದ ನೋವಿನ ಪಕ್ಕದಲ್ಲಿ ನೆರೆಯವರ ನೋವಿಗೂ ಜಾಗ ಕೊಟ್ಟ ಚಿತ್ರ ಬರೀ ಅಭಿಮಾನವನ್ನು ಕಲಿಸುವುದಿಲ್ಲ, ನ್ಯಾಯವನ್ನೂ ಕಲಿಸುತ್ತದೆ.

ಈ ಚಿತ್ರಕ್ಕೂ ಮಿತಿಗಳಿವೆ. ಕಾಲುವೆಯ ತಗ್ಗಿನಲ್ಲಿರುವುದರಿಂದ ಆಚೆ ದಡದಿಂದಲೇ ನೋಡಬೇಕು. ಕಥೆ ಬಹುಕಾಲ ಅರ್ಧಕ್ಕೇ ನಿಂತಿತ್ತು. ಅದನ್ನು ಮುಂದುವರಿಸಲು ಮೆಲನ್ ಪ್ರತಿಷ್ಠಾನ 50 ಲಕ್ಷ ಡಾಲರ್ ನೀಡಿದ್ದು 2021ರಲ್ಲಿ. ಪೋನ್ಸೆಯ ಚಿತ್ರಕ್ಕೋ ರಸ್ತೆಬದಿಯ ಅನುಕೂಲವಿತ್ತು. ಪಠ್ಯಪುಸ್ತಕದಲ್ಲಿ ತನ್ನಂಥ ಮುಖವನ್ನೇ ಕಾಣದ ಮಗುವಿಗೆ ದಾರಿಯಲ್ಲಿ ಅಂಥದ್ದೊಂದು ಮುಖ ಎದುರಾಗುವುದು ಸಣ್ಣ ಮಾತಲ್ಲ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಎತ್ತರದ ಗೋಡೆಯ ಮುಖ ಮಗುವಿಗೆ 'ನನ್ನಂತೆ ಆಗು' ಎನ್ನುತ್ತದೆ. ಹೇಗೆ ಎಂದು ಹೇಳುವುದಿಲ್ಲ. ಕಾಲುವೆಯ ಗೋಡೆ ಬಣ್ಣದ ಡಬ್ಬಿಯನ್ನೇ ಕೈಗೆ ಕೊಟ್ಟು, 'ನಿನ್ನ ಹಿರಿಯರಿಗೆ ಏನಾಯಿತೆಂದು ತಿಳಿದುಕೊಂಡು ಬರೆ' ಎಂದಿತು. ಕೋರ್ಟಿನ ಕಡತದಲ್ಲಿ ಹೆಸರಿದ್ದ ಹುಡುಗ ಚರಿತ್ರೆ ಬರೆಯುವವನಾದ. ಮಾದರಿಗಳನ್ನು ತೋರಿಸಬಯಸುವ ಯಾವ ಸಮುದಾಯವೇ ಆಗಲಿ, ಗೋಡೆಯ ಮೇಲೆ ಯಾರಿರಬೇಕು ಎಂದು ಚರ್ಚಿಸುವ ಮೊದಲು ಕುಂಚ ಯಾರ ಕೈಯಲ್ಲಿರಬೇಕು ಎಂದು ಕೇಳಿಕೊಳ್ಳುವುದು ಒಳ್ಳೆಯದು.